ಇಲ್ಲ ಎನ್ನಲು ಬಾರದವರ ಯೂನಿಯನ್

ನಮ್ಮ ಅಂಗಡಿಯಲ್ಲಿ 'ಇಲ್ಲ' ಅನ್ನುವ ಹಾಗಿರಲಿಲ್ಲ. ಗಿರಾಕಿ ಬಂದು ಈ ನೀಲಿ ಅಂಗಿ ನನ್ನ ಸೈಜಿನಲ್ಲಿ ಇದೆಯೇ ಎಂದು ಕೇಳಿದರೆ, ಇಲ್ಲವೆಂದು ಬೆಳಿಗ್ಗೆಯೇ ಗೊತ್ತಿದ್ದರೂ, ಮುಖ ಅರಳಿಸಿ "ಒಂದು ನಿಮಿಷ ಸರ್, ಚೆಕ್ ಮಾಡಿ ಹೇಳ್ತೀನಿ" ಎನ್ನಬೇಕು. ಆಮೇಲೆ ಹಿಂದಿನ ಸ್ಟಾಕ್ ರೂಮಿಗೆ ಹೋಗಿ ಒಂದು ಗುಟುಕು ನೀರು ಕುಡಿದು, ಗೋಡೆಗೆ ಒರಗಿ ಕಾಲಿಗೆ ಒಂದಿಷ್ಟು ಬಿಡುವು ಕೊಟ್ಟು, ಕೈಯಲ್ಲೊಂದು ಹಸಿರು ಅಂಗಿ ಹಿಡಿದು ಹೊರಗೆ ಬರಬೇಕು. "ಸರ್, ನಿಮ್ಮ ಬಣ್ಣಕ್ಕೆ ನೀಲಿಗಿಂತ ಇದೇ ಒಪ್ಪುತ್ತೆ." ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಗೆ ಕೊಟ್ಟ ತರಬೇತಿಯ ಸಾರ ಇಷ್ಟೇ. ಅಂಗಿ ಮಡಿಸುವುದು, ಹ್ಯಾಂಗರಿನ ಕೊಕ್ಕೆಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸುವುದು, ನಗುತ್ತಲೇ ಆಕಳಿಕೆ ನುಂಗುವುದು, ಇವೆಲ್ಲ ತಾವಾಗಿಯೇ ಬಂದವು.

ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ಆದದ್ದೆಲ್ಲ ಇದರಿಂದಲೇ ಆದದ್ದು. ಅಥವಾ ಈಗ ಹಿಂತಿರುಗಿ ನೋಡುವಾಗ ನನಗೆ ಹಾಗೆ ಕಾಣುತ್ತದೆ. ಹಿಂತಿರುಗಿ ನೋಡಿದಾಗ ಎಲ್ಲಕ್ಕೂ ಒಂದು ಕಾರಣ ಸಿಗುತ್ತದೆ, ಅದೇ ನನಗೆ ಅನುಮಾನ. ದಿನಚರಿ ಬರೆಯುವ ಅಭ್ಯಾಸ ನನಗಿದೆ, ಆದರೆ ಬೇಕಾದಾಗ ಅದು ಕೈಕೊಡುತ್ತದೆ. ಅಂಗಡಿಯಲ್ಲಿ ಯೂನಿಯನ್ನಿನ ಮಾತು ಮೊದಲ ಬಾರಿ ಎದ್ದ ದಿನ ನಾನು ಬರೆದಿಟ್ಟಿರುವುದು ಇಷ್ಟು: "ಕಾಲು ನೋವು. ರಾಜ್ಮಾಗೆ ಉಪ್ಪು ಜಾಸ್ತಿ."

ಆಗ ನಾನು ದಿಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎ. ಮುಗಿಸಿ, ಮುಂದೇನು ಎಂದು ಗೊತ್ತಾಗದೆ, ಮಯೂರ್ ವಿಹಾರದಲ್ಲಿ ಚಿಕ್ಕಪ್ಪನ ಮನೆಯಲ್ಲಿ ಬೀಡುಬಿಟ್ಟಿದ್ದೆ. ಸಂಶೋಧನೆಗೆ ಅರ್ಜಿ ಹಾಕಿದ್ದೆ, ಉತ್ತರ ಬಂದಿರಲಿಲ್ಲ. ಸುಮ್ಮನೆ ಕೂತು ತಿನ್ನುವುದು ಬೇಡವೆಂದು ನೊಯ್ಡಾದ ಒಂದು ಮಾಲ್‌ನಲ್ಲಿದ್ದ ದೊಡ್ಡ ಬಟ್ಟೆ ಅಂಗಡಿಗೆ ಸೇರಿದೆ. ಒಂದೆರಡು ತಿಂಗಳು ಅಂದುಕೊಂಡವಳು ಬಹಳ ಕಾಲ ಉಳಿದೆ. ಚಿಕ್ಕಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು, ಅಲ್ಲಿನ ನೌಕರರ ಸಂಘದ ಹಳೆಯ ಸದಸ್ಯರು. ಮಧ್ಯಾಹ್ನದ ಊಟದ ಹೊತ್ತಿಗೆ ಕಚೇರಿಯ ಗೇಟಿನ ಮುಂದೆ ನಿಂತು ಘೋಷಣೆ ಕೂಗಿ, ಸರಿಯಾಗಿ ಊಟದ ವೇಳೆ ಮುಗಿಯುವಷ್ಟರಲ್ಲಿ ಕುರ್ಚಿಗೆ ಮರಳುವ ಕಲೆ ಅವರಿಗೆ ಸಿದ್ಧಿಸಿತ್ತು. ಅವರ ಮಗಳು, ಅಂದರೆ ನನ್ನ ತಂಗಿ, ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವಾಗ ಮಾತ್ರ ಅರ್ಧ ದಾರಿಯಲ್ಲಿ ಹಿಂದಿಗೆ ಹಾರಿಬಿಡುತ್ತಾಳೆ.

ಅಂಗಡಿಯಲ್ಲಿ ನನ್ನ ಪಕ್ಕದ ಜಾಗ ಟ್ರಯಲ್ ರೂಮ್. ಅಲ್ಲಿ ಕೂತಿರುತ್ತಿದ್ದವರನ್ನು ಎಲ್ಲರೂ ದೀದಿ ಎನ್ನುತ್ತಿದ್ದರು. ವಯಸ್ಸಿನಲ್ಲಿ ನಮ್ಮೆಲ್ಲರಿಗಿಂತ ದೊಡ್ಡವರು. ಅಂಗಡಿ ತೆರೆದಾಗಿನಿಂದ ಇದ್ದವರು. ಲಕ್ಷ್ಮೀ ನಗರದಲ್ಲಿ ಕೋಚಿಂಗ್ ಸೆಂಟರುಗಳ ಬೋರ್ಡುಗಳ ಹಿಂದೆ ಎಲ್ಲೋ ಒಂದು ಬಾಡಿಗೆ ಮನೆ. ಮಗಳು ಸಿಎ ಓದುತ್ತಿದ್ದಳು, ಮನೆ ನಡೆಯುತ್ತಿದ್ದದ್ದು ದೀದಿಯ ಸಂಬಳದಿಂದ. ಟ್ರಯಲ್ ರೂಮಿಗೆ ಹೋಗುವವರಿಗೆ ಎಷ್ಟು ಬಟ್ಟೆ ಎಂಬುದಕ್ಕೆ ಒಂದು ಪ್ಲಾಸ್ಟಿಕ್ ಬಿಲ್ಲೆ ಕೊಡುವುದು, ಬಂದ ಮೇಲೆ ಎಣಿಸಿ ತೆಗೆದುಕೊಳ್ಳುವುದು ಅವರ ಕೆಲಸ. ಕಳವಿನ ಭಯದಿಂದ ಆ ಒಂದು ಜಾಗಕ್ಕೆ ಮಾತ್ರ ಅಂಗಡಿ ವಿನಾಯಿತಿ ಕೊಟ್ಟಿತ್ತು. ದೀದಿ 'ಇಲ್ಲ' ಅನ್ನಬಹುದಿತ್ತು. ಅನ್ನಲೇಬೇಕಿತ್ತು. ಕೈತುಂಬ ಬಟ್ಟೆ ಹೊತ್ತು ಗೆಳತಿಯರ ಗುಂಪು ಬಂದರೆ ಅವರು ತಲೆಯನ್ನೂ ಎತ್ತದೆ ಹೇಳುತ್ತಿದ್ದರು: "ಮೂರೇ ಪೀಸ್. ಒಬ್ಬೊಬ್ಬರೇ ಒಳಗೆ."

"ಆಂಟಿ, ನಾವಿಬ್ಬರೂ ಅಕ್ಕ ತಂಗಿ!"

"ಅಕ್ಕ ತಂಗಿ ಮನೇಲಿ. ಇಲ್ಲಿ ಒಬ್ಬೊಬ್ಬರೇ."

ದೀದಿ ಆಡುತ್ತಿದ್ದದ್ದು ಹಿಂದಿ. ನನ್ನ ನೆನಪಿನಲ್ಲಿ ಮಾತ್ರ ಅವರು ಅಚ್ಚುಕಟ್ಟಾಗಿ ಕನ್ನಡ ಆಡುತ್ತಾರೆ. ಅವರ ಮಾತನ್ನು ಎಷ್ಟು ಬದಲಿಸಿದ್ದೇನೋ ನನಗೆ ತಿಳಿಯದು. ಬಾಯಿ ಮಾತ್ರ ಅವರದೇ, ಅಷ್ಟು ಭರವಸೆ ಕೊಡಬಲ್ಲೆ.

ಕೆಲಸ ಹೋಗಲಿದೆ ಎಂಬುದು ನಮಗೆ ಗೊತ್ತಾದದ್ದು ಬೊಂಬೆಗಳಿಂದ. ಕಿಟಕಿಯಲ್ಲೂ ಮೆಟ್ಟಿಲ ಬಳಿಯಲ್ಲೂ ಬಟ್ಟೆ ತೊಟ್ಟು ನಿಲ್ಲುವ ಬೊಂಬೆಗಳಿಗೆ ದೀಪಾವಳಿಗೆ ಮುಂಚೆಯೇ ಸ್ವೆಟರು, ಮಫ್ಲರು ಬರುವುದು ವಾಡಿಕೆ. ಆ ವರ್ಷ ಕೆಳಗಿನ ಮಹಡಿಯ ಬೊಂಬೆಗಳಿಗೆ ಬಂದವು. ನಮ್ಮ ಮಹಡಿಯವಕ್ಕೆ ಬರಲಿಲ್ಲ. ಹೊರಗೆ ಹೊಗೆ ಕವಿದು, ಗಿರಾಕಿಗಳು ಶಾಲು ಹೊದ್ದು ಬರುತ್ತಿದ್ದರೂ ನಮ್ಮ ಬೊಂಬೆಗಳು ಅರ್ಧ ತೋಳಿನ ಲಿನನ್ ಅಂಗಿ ತೊಟ್ಟು, ಬಿಸಿಲಿಗೆ ಕೈ ಅಡ್ಡ ಹಿಡಿದು ಸಮುದ್ರ ನೋಡುತ್ತ ನಿಂತಿದ್ದವು. ಅಂಗಡಿಯ ಕೆಲಸ ಮಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಟ್ಟೆ ಬದಲಿಸದ ಮಹಡಿ ಮುಚ್ಚುವ ಮಹಡಿ.

ಶೂ ವಿಭಾಗದಲ್ಲಿದ್ದ ಒಬ್ಬರು ಬೊಂಬೆಯ ಹೆಗಲ ಮೇಲೆ ಕೈ ಹಾಕಿ, "ಚಳಿ ಆಗ್ತಿದೆಯಾ ಯಾರ್? ನಮಗೂ ಆಗ್ತಿದೆ" ಎಂದರು. ಎಲ್ಲರೂ ನಕ್ಕೆವು.

ಯೂನಿಯನ್ ಮಾಡೋಣ ಎಂದು ಮೊದಲು ಹೇಳಿದ್ದು ನಾನೇ ಎಂದು ನನ್ನ ನಂಬಿಕೆ. ಶೂ ವಿಭಾಗದವರೇ ಹೇಳಿದ್ದರೆಂದು, ನಾನು ಮನೆಗೆ ಬಂದು ಹಾಗೆಯೇ ವರದಿ ಮಾಡಿದ್ದೆನೆಂದು ತಂಗಿ ಹೇಳುತ್ತಾಳೆ. "ಅಕ್ಕಾ, ನೀನು ಆಮೇಲೆ ಧೀರೇ ಧೀರೇ ಅವರ ಡೈಲಾಗ್ ಎಲ್ಲಾ ನಿನ್ನದು ಮಾಡ್ಕೊಂಡೆ. ಮೈ ಗವಾಹ್ ಹೂಂ, ನಾನೇ ಸಾಕ್ಷಿ." ಇರಬಹುದು. ಓಡಾಡಿದ್ದು ಮಾತ್ರ ನಾನು. ಎಂ.ಎ.ಯಲ್ಲಿ ಕಾರ್ಮಿಕ ಸಂಘಟನೆಗಳ ಬಗ್ಗೆ ಒಂದು ಪ್ರಬಂಧ ಬರೆದಿದ್ದೆ. ಅದಕ್ಕೆ ಒಳ್ಳೆಯ ಅಂಕವೂ ಬಂದಿತ್ತು. ಹಾಗಾಗಿ ವಿಷಯ ನನಗೆ ತಿಳಿದಿದೆ ಎಂಬ ಧೈರ್ಯ.

ಒಬ್ಬೊಬ್ಬರನ್ನೇ ಸ್ಟಾಕ್ ರೂಮಿನಲ್ಲಿ ಹಿಡಿದು ಕೇಳಿದೆ.

"ನಾವೆಲ್ಲ ಸೇರಿ ಒಂದು ಯೂನಿಯನ್ ಮಾಡಿದ್ರೆ ಹೇಗೆ?"

"ಬಿಲ್ಕುಲ್! ಖಂಡಿತ!"

"ನೀವು ಬರ್ತೀರಾ?"

"ಪಕ್ಕಾ. ಇದೂ ಕೇಳೋ ಮಾತಾ?"

ಮಕ್ಕಳ ಬಟ್ಟೆ ವಿಭಾಗದ ಹುಡುಗಿ ನನ್ನ ಎರಡೂ ಕೈ ಹಿಡಿದುಕೊಂಡಳು. ಶೂ ವಿಭಾಗದವರು ಎದೆಯ ಮೇಲೆ ಕೈ ಇಟ್ಟರು. ಕ್ಯಾಶ್ ಕೌಂಟರಿನವರು ಮಾತ್ರ, "ಎಷ್ಟು ಒಳ್ಳೇ ವಿಚಾರ, ಚೆಕ್ ಮಾಡಿ ಹೇಳ್ತೀನಿ" ಎಂದರು. ಅದನ್ನೂ ನಾನು ಹೌದಿನ ಲೆಕ್ಕಕ್ಕೇ ಹಾಕಿದೆ. ಮನೆಗೆ ಬರುವ ಮೆಟ್ರೋದಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ.

"ಎಲ್ಲರೂ ಒಪ್ಪಿದ್ರು ಚಿಕ್ಕಪ್ಪ!"

ಚಿಕ್ಕಪ್ಪ ಟೀವಿಯ ಸದ್ದು ತಗ್ಗಿಸಿದರು. "ಸಹಿ ಹಾಕಿದ್ರಾ?"

"ಇಲ್ಲ, ಬಾಯಲ್ಲಿ ಹೇಳಿದ್ರು."

"ಬಾಯಲ್ಲಿ ನಮ್ಮ ಆಫೀಸಿನವರೆಲ್ಲ ಕ್ರಾಂತಿಕಾರಿಗಳೇ ಕಣಮ್ಮ. ಪೆನ್ನು ತೆಗೆದ ಕೂಡ್ಲೇ ಎಲ್ಲರಿಗೂ ಬಾತ್‌ರೂಮ್ ನೆನಪಾಗುತ್ತೆ." ಅವರು ಕಡಲೆಬೀಜ ಬಾಯಿಗೆ ಹಾಕಿಕೊಂಡರು. "ಮಾಲ್‌ನಲ್ಲಿ ಯೂನಿಯನ್ ನಿಲ್ಲಲ್ಲ. ನೋಡು, ನಮ್ಮನ್ನ ಯಾರೂ ಕೆಲಸದಿಂದ ತೆಗೆಯೋಕಾಗಲ್ಲ, ಹಾಗಾಗಿ ನಾವು ಧೈರ್ಯವಾಗಿ ಯೂನಿಯನ್ ಮಾಡ್ಕೊಂಡಿದೀವಿ. ನಿಮ್ಮನ್ನ ಯಾವಾಗ ಬೇಕಾದ್ರೂ ತೆಗೀಬಹುದು. ನಿಮಗೆಲ್ಲಿಂದ ಬರುತ್ತೆ ಯೂನಿಯನ್ನು?"

ತಂಗಿ ಮೊಬೈಲಿನಿಂದ ತಲೆ ಎತ್ತಿದಳು. "ಪಪ್ಪಾ, ಇದು ಉಲ್ಟಾ ಇರಬೇಕಿತ್ತಲ್ವಾ?"

ಚಿಕ್ಕಪ್ಪ ಸ್ವಲ್ಪ ಯೋಚಿಸಿ, ಟೀವಿಯ ಸದ್ದು ಮತ್ತೆ ಏರಿಸಿದರು.

ಸಭೆಗೆ ದಿನ ಗೊತ್ತುಮಾಡುವುದೇ ಒಂದು ಪಾಡಾಯಿತು. ನಮಗೆ ಭಾನುವಾರ ರಜೆ ಇಲ್ಲ. ವಾರದ ರಜೆ ಒಬ್ಬರಿಗೆ ಸೋಮವಾರ, ಇನ್ನೊಬ್ಬರಿಗೆ ಬುಧವಾರ, ಯಾವತ್ತೂ ಎಲ್ಲರೂ ಒಟ್ಟಿಗೆ ಬಿಡುವಾಗಿರುವುದಿಲ್ಲ. ಕೊನೆಗೆ ಅಂಗಡಿ ತೆರೆಯುವ ಮುಂಚೆ, ಮೆಟ್ರೋ ನಿಲ್ದಾಣದ ಹಿಂದಿನ ಪಾರ್ಕಿನಲ್ಲಿ ಸೇರುವುದೆಂದು ಎಲ್ಲರಿಗೂ ಹೇಳಿದೆ. ಎಲ್ಲರೂ ಬಿಲ್ಕುಲ್ ಅಂದರು.

ನಾನು ಪಾರ್ಕಿನ ಬಾಗಿಲಲ್ಲಿ ಚಹಾ ಮಾರುವ ಭಯ್ಯಾಗೆ, ಬಹಳ ಜನ ಬರುತ್ತಾರೆ, ದೊಡ್ಡ ಪಾತ್ರೆ ಇಡಿ ಎಂದಿದ್ದೆ. ಪಾಪ, ಇಟ್ಟಿದ್ದ. ಪಾರ್ಕಿನಲ್ಲಿ ವಯಸ್ಸಾದ ಕೆಲವರು ಸಾಲಾಗಿ ನಿಂತು ಹಾ ಹಾ ಎಂದು ನಗುವ ವ್ಯಾಯಾಮ ಮಾಡುತ್ತಿದ್ದರು. ನಾನು ಬೆಂಚಿನಲ್ಲಿ ಕೂತೆ. ಅವರ ನಗು ಮುಗಿಯಿತು, ಶಾಲು ಕೊಡವಿಕೊಂಡು ಮನೆಗೂ ಹೋದರು. ಕೊನೆಗೆ ಬಂದವರು ದೀದಿ ಒಬ್ಬರೇ.

"ಬಾಕಿಯವರು?" ಎಂದೆ.

"ಯಾವ ಬಾಕಿಯವರು?"

"ಎಲ್ಲರೂ ಬರ್ತೀವಿ ಅಂದ್ರಲ್ಲ ದೀದಿ, ಪಕ್ಕಾ ಅಂದ್ರು."

ದೀದಿ ನನ್ನನ್ನು ಕ್ಷಣ ಹೊತ್ತು ನೋಡಿದರು. ಆಮೇಲೆ ಬಿದ್ದು ಬಿದ್ದು ನಕ್ಕರು. ಆ ಮುದುಕರ ವ್ಯಾಯಾಮ ಇವರಿಗೆ ಅಂಟಿತೇ ಎನ್ನುವ ಹಾಗೆ. "ಅಯ್ಯೋ ಹುಚ್ಚಿ, ನಿನ್ನನ್ನ ಗಿರಾಕಿ ಮಾಡಿಬಿಟ್ರಲ್ಲೇ!"

ಆಗ ಹೊಳೆಯಿತು. ಮುಖದ ಮುಂದೆ ಇಲ್ಲ ಎನ್ನಬಾರದೆಂದು ವರ್ಷಗಟ್ಟಲೆ ಪಳಗಿದವರ ಬಳಿ ಹೋಗಿ, ಮುಖದ ಮುಂದೆ ನಿಂತು ಕೇಳಿದ್ದೆ. ನೀಲಿ ಅಂಗಿ ಕೇಳಿದವಳ ಕೈಗೆ ಎಲ್ಲರೂ ಒಂದೊಂದು ಹಸಿರು ಅಂಗಿ ಕೊಟ್ಟು ಕಳಿಸಿದ್ದರು. ನಾನೂ ಅದೇ ತರಬೇತಿ ಪಡೆದವಳು, ದಿನವೂ ಅದೇ ಕೆಲಸ ಮಾಡುವವಳು, ನನಗೇ ಗೊತ್ತಾಗಿರಲಿಲ್ಲ.

"ನೀವಾದ್ರೂ ಬಂದ್ರಲ್ಲ" ಎಂದೆ.

"ನಾನು ಸೇರೋಕೆ ಬಂದಿಲ್ಲ. ಬೇಡ ಅಂತ ಹೇಳೋಕೆ ಬಂದೆ." ದೀದಿ ಚಹಾ ತೆಗೆದುಕೊಂಡು ಬೆಂಚಿನಲ್ಲಿ ನನ್ನ ಪಕ್ಕ ಕೂತರು. "ಕೇಳು. ಯೂನಿಯನ್ ಅಂದ್ರೆ ಫ್ಯಾಕ್ಟರಿಯವರದ್ದು. ಅವರು ಮಷೀನು ನಿಲ್ಲಿಸಿದ್ರೆ ಮಾಲೀಕ ಓಡಿ ಬರ್ತಾನೆ. ನಾವು ಏನು ನಿಲ್ಲಿಸ್ತೀವಿ? ನಗೋದು ನಿಲ್ಲಿಸ್ತೀವಾ? ಇನ್ನೊಂದು ಮಾತು. ಈ ಮಾಲ್‌ನ ಮ್ಯಾನೇಜರುಗಳೆಲ್ಲ ಒಂದೇ ಕಡೆ ಸಿಗರೇಟು ಸೇದೋರು. ಒಂದು ಅಂಗಡೀಲಿ ಹೆಸರು ಕೆಟ್ರೆ ಮೇಲಿಂದ ಕೆಳಗಿನ ತನಕ ಕೆಟ್ಟ ಹಾಗೆ. ನೀನು ನಾಳೆ ಓದೋಕೆ ಹೋಗ್ತೀಯ. ನಾನು ಎಲ್ಲಿಗೆ ಹೋಗ್ಲಿ? ನನ್ನ ವಯಸ್ಸಿನವಳನ್ನ ಯಾವ ಮಾಲ್ ತಗೊಳ್ಳುತ್ತೆ, ಹೇಳು? ಬಾಗಿಲಲ್ಲೇ ಮೇಲಿಂದ ಕೆಳಗೆ ನೋಡಿ, ಆಂಟಿ ಏನು ಬೇಕಿತ್ತು ಅಂತ ಕೇಳ್ತಾರೆ."

ನನ್ನ ಎಂ.ಎ. ಪ್ರಬಂಧದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ದೀದಿ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಚಹಾದ ಭಯ್ಯಾ ದೊಡ್ಡ ಪಾತ್ರೆಯನ್ನೂ ನನ್ನನ್ನೂ ನೋಡುತ್ತಿದ್ದ. ಇಬ್ಬರೂ ಇನ್ನೊಂದೊಂದು ಕಪ್ ಕುಡಿದೆವು.

ಹಾಗೆಯೇ ಮುಗಿದುಹೋಗಬಹುದಿತ್ತು. ಆದರೆ ಆ ವಾರವೋ ಮುಂದಿನ ವಾರವೋ ಗುರುಗ್ರಾಮದ ನಮ್ಮದೇ ಶಾಖೆಯಿಂದ ಸುದ್ದಿ ಬಂತು. ಅಲ್ಲಿ ಒಂದು ಮಹಡಿ ಮುಚ್ಚಿದ್ದರು. ಯಾರನ್ನೂ ತೆಗೆದಿರಲಿಲ್ಲ. ಮುಖ್ಯ ಕಚೇರಿಯಿಂದ ಎಚ್‌ಆರ್ ಮೇಡಂ ಬಂದಿದ್ದರಂತೆ. ಮ್ಯಾನೇಜರ ಕೋಣೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದರಂತೆ. ಚಹಾ, ಬಿಸ್ಕತ್ತು. ನೀವು ನಮ್ಮ ಪರಿವಾರ, ಪರಿವಾರಕ್ಕೆ ಕಷ್ಟ ಬಂದಿದೆ, ಸಹಕರಿಸ್ತೀರಲ್ಲ? ಬಂದವರೆಲ್ಲ ಅಂದದ್ದು ಒಂದೇ: "ಬಿಲ್ಕುಲ್ ಮೇಡಂ." ಮೇಡಂ ಟೈಪ್ ಮಾಡಿಟ್ಟಿದ್ದ ರಾಜೀನಾಮೆಯನ್ನು ಮುಂದಕ್ಕೆ ಸರಿಸಿದರು, ಇವರು ಸಹಿ ಹಾಕಿದರು, ಥ್ಯಾಂಕ್ಯೂ ಹೇಳಿ ಹೊರಬಂದರು. ತಾವೇ ಬಿಟ್ಟ ಕೆಲಸಕ್ಕೆ ನೋಟಿಸೂ ಇಲ್ಲ, ಪರಿಹಾರವೂ ಇಲ್ಲ. ಅಲ್ಲಿದ್ದ ಒಬ್ಬಾಕೆ ದೀದಿಗೆ ಫೋನ್ ಮಾಡಿ ಅತ್ತಳಂತೆ. "ದೀದಿ, ಬಾಯಿಂದ ತಾನಾಗಿ ಬಂದುಬಿಡ್ತು. ಅವರು ಅಷ್ಟು ಚೆನ್ನಾಗಿ ಕೇಳಿದ್ರು."

ಮುಂದಿನ ಸರದಿ ನಮ್ಮದು ಎಂದು ಮ್ಯಾನೇಜರ ಮುಖವೇ ಹೇಳುತ್ತಿತ್ತು. ಅವರು ಒಳ್ಳೆಯವರು, ಒಂದು ಕಾಲಕ್ಕೆ ಕಾಲುಚೀಲ ಮಾರುತ್ತಿದ್ದವರು. ಇತ್ತೀಚೆಗೆ ನಮ್ಮನ್ನು ಕಂಡರೆ ಕಾಲುಚೀಲದ ಸ್ಟ್ಯಾಂಡಿನ ಕಡೆ ತಿರುಗಿಬಿಡುತ್ತಿದ್ದರು.

ದೀದಿ ಆ ಮಧ್ಯಾಹ್ನವೆಲ್ಲ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಬೀಳಿಸುತ್ತಿದ್ದರು. ಸಂಜೆ ನನ್ನ ಬಳಿ ಬಂದು, "ಇವರಿಗೆ ಯೂನಿಯನ್ ಆಮೇಲೆ. ಮೊದಲು ಇಲ್ಲ ಅನ್ನೋದು ಕಲಿಸಬೇಕು" ಎಂದರು.

ಕಲಿಸಿದ್ದು ಹಿಂಬಾಗಿಲಿನ ತಪಾಸಣೆಯ ಸಾಲಿನಲ್ಲಿ. ಹಗಲಿನ ಶಿಫ್ಟ್ ಮುಗಿದ ಮೇಲೆ ನಾವು ಅಂಗಡಿಯ ಮಾಲು ಕದ್ದೊಯ್ಯುತ್ತಿಲ್ಲವೆಂದು ಚೀಲ ಬಿಚ್ಚಿ, ಕೈ ಅಗಲಿಸಿ ತೋರಿಸಿ ಹೋಗಬೇಕು. ಹೆಂಗಸರದೊಂದು ಸಾಲು, ಗಂಡಸರದೊಂದು ಸಾಲು, ಅಕ್ಕಪಕ್ಕ. ಎಲ್ಲರಿಗೂ ಅವಮಾನದ ಆ ಸಾಲೇ ಇಡೀ ದಿನದಲ್ಲಿ ನಾವು ಗಿರಾಕಿಗಳಿಲ್ಲದೆ ಒಟ್ಟಿಗೆ ನಿಲ್ಲುವ ಒಂದೇ ಜಾಗ ಎಂಬುದು ನನಗೆ ಅಲ್ಲಿಯವರೆಗೆ ತೋಚಿರಲಿಲ್ಲ. ನಾನು ಪಾರ್ಕು ಹುಡುಕಿಕೊಂಡು ಹೋಗಿದ್ದೆ! ಚೀಲ ನೋಡುವ ಗಾರ್ಡ್ ಹೆಂಗಸಿಗೆ ದೀದಿ ಎಚ್‌ಆರ್ ಮೇಡಂ ಪಾತ್ರ ಕೊಟ್ಟರು. ಆಕೆ ಕಾಯುತ್ತಿದ್ದವಳಂತೆ ಟೋಪಿ ಸರಿಮಾಡಿಕೊಂಡಳು.

"ಬನ್ನಿ, ಬನ್ನಿ ಬೇಟಾ. ಚಹಾ ತಗೊಳ್ಳಿ. ರಾಜೀನಾಮೆ ಕೊಡ್ತೀರಲ್ಲ?"

ಮಕ್ಕಳ ವಿಭಾಗದ ಹುಡುಗಿ ಮೊದಲು. "ಬಿಲ್ಕುಲ್ ಮೇ... ಅಯ್ಯೋ!"

"ಫೇಲ್" ಎಂದರು ದೀದಿ. "ಮುಂದಿನವರು."

ಶೂ ವಿಭಾಗದವರು ಎದೆಯುಬ್ಬಿಸಿ ಬಂದರು. "ಇಲ್ಲ ಮೇಡಂ. ಆದ್ರೆ ಇದೇ ಥರದ್ದು ಇನ್ನೊಂದು ತೋರಿಸ್ಲಾ?"

ಸಾಲಿಗೆ ಸಾಲೇ ನಕ್ಕಿತು. ಗಾರ್ಡ್ ಹೆಂಗಸು ನಗುತ್ತಲೇ ಅವರ ಟಿಫಿನ್ ಡಬ್ಬಿ ಬಿಚ್ಚಿ ನೋಡಿದಳು.

"ನಗಬೇಡ!" ದೀದಿ ಗದರಿದರು. "ನಿನ್ನ ಹಲ್ಲೇ ಮೊದಲು ಹೌದು ಅಂದುಬಿಡುತ್ತೆ. ಹಲ್ಲು ಒಳಗೆ ಇಟ್ಟುಕೊಂಡು ಹೇಳು."

"ಹಲ್ಲು ಒಳಗಿಟ್ರೆ ಮಾತೇ ಬರಲ್ಲ ದೀದಿ."

"ಬರದಿದ್ರೆ ಇನ್ನೂ ಒಳ್ಳೇದು. ಸುಮ್ಮನಿರು. ಸುಮ್ಮನಿದ್ರೂ ಸಾಕು."

ನನ್ನ ಸರದಿಯೂ ಬಂತು. ಇಲ್ಲ ಎಂದೆ. ಎಂದ ತಕ್ಷಣ "ಸಾರಿ" ಸೇರಿಸಿದೆ. ಫೇಲ್.

ಈ ಪಾಠ ಎಷ್ಟು ಸಂಜೆ ನಡೆಯಿತೋ ನೆನಪಿಲ್ಲ. ಬಹಳ ದಿನ ಎಂದು ನನಗನ್ನಿಸುತ್ತದೆ, ಚೆನ್ನಾಗಿದ್ದ ದಿನಗಳು ನೆನಪಿನಲ್ಲಿ ಉದ್ದವಾಗುತ್ತವೆ. ಒಂದು ಮಾತು ಮಾತ್ರ ಖಚಿತ: ನಗುನಗುತ್ತ ಕಲಿಯುವ ನೆಪದಲ್ಲಿ ಜನ ನಿಜ ಹೇಳತೊಡಗಿದರು. ನನಗೆ ಮನೆಯ ಸಾಲವಿದೆ, ನನಗೆ ಇನ್ನೊಂದು ಕಡೆ ಕೆಲಸದ ಮಾತಾಗಿದೆ, ನನಗೆ ಭಯ. ಸ್ಟಾಕ್ ರೂಮಿನಲ್ಲಿ ಒಬ್ಬೊಬ್ಬರನ್ನೇ ಹಿಡಿದು ಕೇಳಿದಾಗ ಬಾರದ ಮಾತುಗಳು.

ಚಿಕ್ಕಪ್ಪನಿಗೂ ಕುತೂಹಲ ಹುಟ್ಟಿತ್ತು. "ಏನಂತೆ ನಿಮ್ಮ ಪಾಠಶಾಲೆ? ಯಾರಾದ್ರೂ ಪಾಸಾದ್ರಾ?" ಎಂದು ದಿನವೂ ಕೇಳುವರು. ಕನಿಷ್ಠ ಏಳು ಜನ ಸೇರಿದರೆ ಯೂನಿಯನ್ ನೋಂದಣಿಗೆ ಅರ್ಜಿ ಹಾಕಬಹುದೆಂದು ಅವರೇ ತಮ್ಮ ಸಂಘದಲ್ಲಿ ವಿಚಾರಿಸಿಕೊಂಡು ಬಂದು ಹೇಳಿದರು. ಹೇಳಿದ ಮೇಲೆ, "ನಾನು ಮಾಡು ಅಂತಿಲ್ಲ. ಮಾಹಿತಿ ಅಷ್ಟೇ" ಎಂದು ಸೇರಿಸಿದರು.

ಎಚ್‌ಆರ್ ಮೇಡಂ ಬಂದದ್ದು ಒಂದು ವಾರದ ದಿನ ಬೆಳಿಗ್ಗೆ, ಅಂಗಡಿಯಲ್ಲಿ ಗಿರಾಕಿಗಳೇ ಇಲ್ಲದ ಹೊತ್ತಿಗೆ. ಮೊದಲು ಕರೆ ಬಂದದ್ದು ದೀದಿಗೆ. ಎಲ್ಲರಿಗಿಂತ ಹಿರಿಯರು, ಅವರು ಸಹಿ ಹಾಕಿದರೆ ಉಳಿದವರು ಹಾಕುತ್ತಾರೆ ಎಂಬ ಲೆಕ್ಕವಿರಬೇಕು. ದೀದಿ ಎದ್ದರು. ದುಪಟ್ಟಾ ಸರಿಮಾಡಿಕೊಂಡರು. ಬಿಲ್ಲೆಗಳ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಕೈ ತಣ್ಣಗಿತ್ತು. ಆಗ ನನಗೆ ಅರ್ಥವಾಯಿತು, ಇಷ್ಟು ದಿನ ಎಲ್ಲರನ್ನೂ ಫೇಲ್ ಮಾಡುತ್ತಿದ್ದವರು ಪರೀಕ್ಷೆಗೆ ಕೂರುತ್ತಿರುವುದು ಈಗ. ಅವರಿಗೆ ಟ್ರಯಲ್ ರೂಮಿನ ಹೊರಗೆ 'ಇಲ್ಲ' ಅನ್ನುವ ಅಭ್ಯಾಸವಿರಲಿಲ್ಲ.

"ಬಾ" ಎಂದರು.

"ನಾನಾ? ನನ್ನನ್ನ ಕರೆದಿಲ್ಲ."

"ಬಾ ಅಂದ್ರೆ ಬಾ."

ನಾನು ಹೊರಟೆ. ನಾನು ಹೊರಟದ್ದು ನೋಡಿ ಮಕ್ಕಳ ವಿಭಾಗದ ಹುಡುಗಿ ಹೊರಟಳು. ಶೂ ವಿಭಾಗದವರು ಕೈಯಲ್ಲಿದ್ದ ಒಂಟಿ ಬೂಟಿನ ಸಮೇತ ಬಂದರು. ಸಂಜೆಯ ತಪಾಸಣೆಗೆ ನಿಲ್ಲುವ ಹಾಗೆಯೇ, ಯಾರೂ ಹೇಳದೆ, ಮ್ಯಾನೇಜರ ಕೋಣೆಯ ಮುಂದೆ ಸಾಲಾಗಿ ನಿಂತೆವು. ನನ್ನ ನೆನಪಿನಲ್ಲಿ ಆ ಸಾಲು ಎಸ್ಕಲೇಟರ್ ತನಕ ಇದೆ. ದೀದಿಯನ್ನು ಕೇಳಿದರೆ ನೀರಿನ ಫಿಲ್ಟರ್ ತನಕ ಎನ್ನುತ್ತಾರೆ. ಫಿಲ್ಟರ್ ಇದ್ದದ್ದು ಕೋಣೆಯ ಬಾಗಿಲಿಗೆ ನಾಲ್ಕು ಮಾರು ದೂರದಲ್ಲಿ.

ದೀದಿ ಬಾಗಿಲು ಪೂರ್ತಿ ತೆರೆದು, ಹೊಸ್ತಿಲ ಮೇಲೆ ನಿಂತರು. ಬೆನ್ನಿಗೆ ನಾನು.

"ಬನ್ನಿ, ಕೂತ್ಕೊಳ್ಳಿ" ಎಂದರು ಮೇಡಂ. ನಿಜಕ್ಕೂ ಒಳ್ಳೆಯ ನಗು. ಬಿಸ್ಕತ್ತೂ ಇತ್ತು. ಆಮೇಲೆ ಹಿಂದಿದ್ದ ನಮ್ಮನ್ನು ಕಂಡರು. "ಇವರೆಲ್ಲ ಯಾಕೆ? ಒಬ್ಬೊಬ್ಬರೇ ಬರಲಿ."

ದೀದಿ ಹೊಸ್ತಿಲು ಬಿಟ್ಟು ಕದಲಲಿಲ್ಲ. ಅವರ ಕುತ್ತಿಗೆಯ ಹಿಂದೆ ಬೆವರು ಮೂಡಿದ್ದು ನನಗೆ ಕಾಣುತ್ತಿತ್ತು. ಅವರ ಬಾಯಿಂದ ಬಿಲ್ಕುಲ್ ಬಂದುಬಿಡುತ್ತದೆ ಎಂದೇ ನಾನು ಅಂದುಕೊಂಡೆ. ಬಂದಿದ್ದರೆ ಅಲ್ಲಿಗೆ ಅವರ ನೌಕರಿ ಮುಗಿಯುತ್ತಿತ್ತು.

"ಮೇಡಂ" ಎಂದರು ಕೊನೆಗೆ. ದನಿ ಟ್ರಯಲ್ ರೂಮಿನದೇ, ತಲೆ ಎತ್ತದ ದನಿ. "ಒಬ್ಬೊಬ್ಬರೇ ಒಳಗೆ ಹೋಗೋದು ಟ್ರಯಲ್ ರೂಮಿಗೆ. ಇಲ್ಲಿಗೆ ಎಲ್ಲರೂ ಒಟ್ಟಿಗೇ."

ಮೇಡಂ ನಗು ಹಾಗೆಯೇ ಇತ್ತು, ಆದರೆ ಅಂಟಿಸಿದ ಹಾಗೆ. "ಏನಿದು, ಯೂನಿಯನ್ನಾ?"

ಹೌದು ಎನ್ನುವಂತಿರಲಿಲ್ಲ, ಯಾಕೆಂದರೆ ಯೂನಿಯನ್ ಎಂಬುದು ಇರಲೇ ಇಲ್ಲ. ಇಲ್ಲ ಎನ್ನಲು ನಮಗೆ ಬರುತ್ತಿರಲಿಲ್ಲ. ಒಂದು ಕ್ಷಣ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹಿಂದಿನಿಂದ ಶೂ ವಿಭಾಗದವರು, ಬೂಟು ಕೈಯಲ್ಲೇ ಇತ್ತು, ಬಹಳ ವಿನಯದಿಂದ ಹೇಳಿದರು: "ಒಂದು ನಿಮಿಷ ಮೇಡಂ, ಚೆಕ್ ಮಾಡಿ ಹೇಳ್ತೀವಿ."

ಮೇಡಂ ಮ್ಯಾನೇಜರ ಕಡೆ ತಿರುಗಿದರು. "ಇವರೆಲ್ಲ ಯೂನಿಯನ್ ಸೇರಿದಾರಾ? ನಿಮಗೆ ಗೊತ್ತಿತ್ತಾ?"

ಮ್ಯಾನೇಜರು ಎದ್ದು ನಿಂತರು. ಎಷ್ಟೆಂದರೂ ಕಾಲುಚೀಲದ ವಿಭಾಗದಲ್ಲಿ ಬೆಳೆದ ಜೀವ. "ಚೆಕ್ ಮಾಡಿ ಹೇಳ್ತೀನಿ ಮೇಡಂ" ಎಂದರು.

ಅಂಗಡಿಯ ನೆಲದ ಮೇಲೆ ನಿಂತು ಕೆಲಸ ಮಾಡಿದ್ದರೆ ಮೇಡಂಗೆ ಈ ಮಾತಿನ ಅರ್ಥ ಗೊತ್ತಿರುತ್ತಿತ್ತು. ಅವರು ಮುಖ್ಯ ಕಚೇರಿಯವರು. ಮಾತನ್ನು ಮಾತಿನಂತೆಯೇ ತೆಗೆದುಕೊಂಡರು. ಏನೋ ಇದೆ, ಮ್ಯಾನೇಜರೂ ಮುಚ್ಚಿಡುತ್ತಿದ್ದಾರೆ ಎಂದುಕೊಂಡರೋ ಏನೋ, ಫೈಲು ಮಡಚಿ, ಇನ್ನೊಂದು ದಿನ ಎಲ್ಲರ ಜೊತೆ ಮಾತಾಡೋಣ ಎಂದು ಎದ್ದರು. ನನಗೆ ಮೊದಲು ಮೋಸ ಮಾಡಿದ ಆ 'ಚೆಕ್' ಅವರಿಗೂ ಮಾಡಿತು. ಬಿಸ್ಕತ್ತು ಉಳಿದಿತ್ತು, ಅದನ್ನು ನಾವು ತಿಂದೆವು.

"ಈಗ ಹಾಕಿಸಮ್ಮ ಸಹಿ!" ಚಿಕ್ಕಪ್ಪ ಫೋನಿನಲ್ಲೇ ಕೂಗಿದರು. ಅವರು ಕಚೇರಿಯಲ್ಲಿದ್ದರು, ಸುತ್ತಲಿದ್ದವರು ಏನಾಯಿತೆಂದು ಕೇಳುವುದು ನನಗೆ ಕೇಳಿಸಿತು.

ಆ ಸಂಜೆ ತಪಾಸಣೆಯ ಸಾಲಿನಲ್ಲೇ ಯೂನಿಯನ್ನಿನ ಅರ್ಜಿಗೆ ಸಹಿ ಹಾಕಿದರು. ಮೊದಲನೆಯದು ದೀದಿಯದು. ಪೆನ್ನು ಹಿಡಿದು, "ಹೆಸರು ಕೆಟ್ರೆ ನಿನ್ನ ಚಿಕ್ಕಪ್ಪನ ಆಫೀಸಲ್ಲಿ ನನಗೆ ಕೆಲಸ ಕೊಡಿಸ್ತೀಯಾ?" ಎಂದರು. "ಬಿಲ್ಕುಲ್" ಎಂದೆ. "ಥೂ" ಎಂದು ಸಹಿ ಹಾಕಿದರು. ಏಳಕ್ಕಿಂತ ಹೆಚ್ಚು ಜನ ಆದರು, ಎಲ್ಲರೂ ಆಗಲಿಲ್ಲ. ಕ್ಯಾಶ್ ಕೌಂಟರಿನವರ ಬಳಿ ಹೋದಾಗ ಅವರು ನನ್ನ ಕಣ್ಣಲ್ಲಿ ಕಣ್ಣಿಟ್ಟು, ನಗದೆ, "ಇಲ್ಲ. ನನಗೆ ಭಯ. ನಾನು ಹಾಕಲ್ಲ" ಎಂದರು. ಆ ಅಂಗಡಿಯಲ್ಲಿ ನಾನು ಕೇಳಿದ ಮೊದಲ ಶುದ್ಧ 'ಇಲ್ಲ' ಅದು. ಅವರ ಕೈ ಕುಲುಕಿದೆ. ದೀದಿ ಹಿಂದಿನಿಂದ "ಪಾಸ್!" ಎಂದರು.

ಮಹಡಿಯನ್ನು ಮುಚ್ಚಿದರು. ಅದನ್ನು ನಾವು ತಡೆಯಲಾಗಲಿಲ್ಲ. ಲಿನನ್ ಅಂಗಿಯ ಬೊಂಬೆಗಳನ್ನು ಒಂದು ದಿನ ಕೈಕಾಲು ಬಿಚ್ಚಿ ಲಾರಿಗೆ ತುಂಬಿದರು. ಆದರೆ ಯಾರೂ ರಾಜೀನಾಮೆ ಬರೆದುಕೊಡಲಿಲ್ಲ. ಮಾತುಕತೆಗೆ ಕೂತೆವು, ಒಟ್ಟಿಗೇ ಕೂತೆವು. ಕೆಲವರು ನೋಟಿಸು ಪಡೆದು, ಬರಬೇಕಾದದ್ದನ್ನು ಪಡೆದು ಹೋದರು. ಕೆಲವರನ್ನು ಬೇರೆ ಶಾಖೆಗಳಿಗೆ ಹಾಕಿದರು. ಮಕ್ಕಳ ವಿಭಾಗದ ಹುಡುಗಿ ಬೇರೊಂದು ಮಾಲ್‌ನಲ್ಲಿ ಕೆಲಸ ಕೇಳಲು ಹೋದಾಗ, "ಓ, ನೀವು ಆ ಅಂಗಡಿಯವರಾ" ಎಂದು ಕೇಳಿ, ಆಮೇಲೆ ತಿಳಿಸುತ್ತೇವೆ ಎಂದರಂತೆ. ತಿಳಿಸಲಿಲ್ಲ. ಬಹಳ ದಿನ ಅಲೆದ ಮೇಲೆ ಅವಳಿಗೆ ಕೆಲಸ ಸಿಕ್ಕಿತು. ದೀದಿ ಪಾರ್ಕಿನ ಬೆಂಚಿನಲ್ಲಿ ಹೇಳಿದ್ದು ಅಷ್ಟರ ಮಟ್ಟಿಗೆ ನಿಜವಾಯಿತು. ಹಾಗಾಗಿ, ಮಾಡಬೇಕಿತ್ತೇ ಎಂದು ಯಾರಾದರೂ ಕೇಳಿದರೆ ನಾನು ತಟ್ಟನೆ ಹೌದು ಎನ್ನುವುದಿಲ್ಲ. ಹೌದು ಎನ್ನುತ್ತೇನೆ, ಸ್ವಲ್ಪ ತಡೆದು, ಆ ಹುಡುಗಿಯ ಮುಖ ನೆನೆದು.

ನನಗೂ ಅರ್ಜಿಗೆ ಉತ್ತರ ಬಂತು. ಓದಲು ಹೋದೆ, ದೀದಿ ಹೇಳಿದ ಹಾಗೆಯೇ. ಯೂನಿಯನ್ನಿನ ವಾಟ್ಸಾಪ್ ಗುಂಪಿನಲ್ಲಿ ನನ್ನನ್ನು ಇನ್ನೂ ಇಟ್ಟುಕೊಂಡಿದ್ದಾರೆ. ಅದರಲ್ಲಿ ಬಹುಪಾಲು ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ನಡುನಡುವೆ ಯಾರಾದರೂ, "ನಮ್ಮ ಮಹಡಿಗೆ ಈ ಸಲ ಸ್ವೆಟರ್ ಬಂದಿಲ್ಲ" ಎಂದು ಬರೆಯುತ್ತಾರೆ. ಆಗ ಗುಲಾಬಿಗಳು ನಿಂತು, ಮಾತು ಶುರುವಾಗುತ್ತದೆ.

ದೀದಿಯನ್ನು ಹೌಜ್ ಖಾಸ್ ದಾಟಿ ಇರುವ ಮಾಲ್‌ನ ಶಾಖೆಗೆ ಹಾಕಿದರು. ಲಕ್ಷ್ಮೀ ನಗರದಿಂದ ದೂರ, ಮೆಟ್ರೋ ಬದಲಿಸಬೇಕು. ಫೋನಿನಲ್ಲಿ ಸಿಕ್ಕಾಗಲೆಲ್ಲ ಆ ಗೊಣಗು ತಪ್ಪಿದ್ದಲ್ಲ. ಮೊನ್ನೆ ಆ ಕಡೆ ಹೋದವಳು ಅಂಗಡಿಗೆ ನುಗ್ಗಿದೆ. ಬೊಂಬೆಗಳು ಬೆಚ್ಚಗೆ ಮಫ್ಲರ್ ಸುತ್ತಿಕೊಂಡಿದ್ದವು. ತಂಗಿಯ ಮದುವೆಗೆ ಬೇಕೆಂದು ಕುರ್ತಾ ಮೇಲೆ ಕುರ್ತಾ ಪೇರಿಸಿಕೊಂಡು ಟ್ರಯಲ್ ರೂಮಿಗೆ ಹೋದೆ. ದೀದಿ ತಲೆ ಎತ್ತಲಿಲ್ಲ.

"ಮೂರೇ ಪೀಸ್."

"ದೀದಿ, ನಾನು!"

ಆಗ ತಲೆ ಎತ್ತಿದರು. ಮುಖ ಅರಳಿತು. ಎದ್ದು ಬಂದು ನನ್ನ ಗಲ್ಲ ಹಿಂಡಿದರು, ಸೊರಗಿದ್ದೀಯ ಎಂದರು, ಓದು ಮುಗಿಯಿತಾ, ಚಿಕ್ಕಪ್ಪ ಹೇಗಿದ್ದಾರೆ, ತಂಗಿಗೆ ಹುಡುಗ ಯಾರು ಎಂದು ಕೇಳಿದರು. ಕೇಳುತ್ತಲೇ ನನ್ನ ತೋಳಿನ ಮೇಲಿದ್ದ ಕುರ್ತಾಗಳಲ್ಲಿ ಮೂರನ್ನು ಬಿಟ್ಟು ಉಳಿದದ್ದನ್ನು ತೆಗೆದು ಪಕ್ಕದ ಕಂಬಿಗೆ ನೇತುಹಾಕಿದರು, ಕೈಗೆ ಒಂದು ಬಿಲ್ಲೆ ಇಟ್ಟರು.

"ನನಗೂನಾ?" ಎಂದೆ.

"ನಿನಗೂ" ಎಂದರು ದೀದಿ. "ಹೋಗು, ಬೇಗ ಹಾಕ್ಕೊಂಡು ಬಾ. ಹಿಂದೆ ಜನ ಕಾಯ್ತಿದಾರೆ."